ಮೂಗಿನ ಪಕ್ಕ ಸಿಪ್ಪೆ ಏಳ್ತಿದೆ, ಸ್ಕ್ರಬ್ ಮಾಡಲಾ ಆಸಿಡ್ ಹಚ್ಚಲಾ?

ದುರ್ಗದ_ಗಾಳಿ:

ನಮಸ್ಕಾರ ಎಲ್ಲರಿಗೂ. ಮನೆ ಚಿತ್ರದುರ್ಗ, ಕೆಲಸ ದಾವಣಗೆರೆ, ದಿನಾ ಬಸ್ಸಲ್ಲಿ ಓಡಾಟ. ವಯಸ್ಸು 27. ಮಧ್ಯಾಹ್ನದ ಹೊತ್ತಿಗೆ ಹಣೆ, ಮೂಗು ಜಿಡ್ಡು ಜಿಡ್ಡಾಗುತ್ತೆ. ಆದರೆ ಮೂಗಿನ ಎರಡೂ ಪಕ್ಕ, ಗದ್ದ, ತುಟಿಯ ಮೂಲೆ ಮಾತ್ರ ಒಣಗಿ ಬಿಳಿ ಸಿಪ್ಪೆ ಏಳುತ್ತೆ. ಪೌಡರ್ ಹಾಕಿದರೆ ಅದು ಸಿಪ್ಪೆ ಮೇಲೆ ಕೂತು ಇನ್ನೂ ಎದ್ದು ಕಾಣುತ್ತೆ. ಮುಂದಿನ ತಿಂಗಳು ಅಣ್ಣನ ಮದುವೆ ಬೇರೆ. ಈಗಿನ ಫೋಟೋದವರು ಎಷ್ಟು ಹತ್ತಿರ ಬಂದು ತೆಗೀತಾರೆ ಅಂತ ಗೊತ್ತಲ್ಲ.

ಒಬ್ಬೊಬ್ಬರದು ಒಂದೊಂದು ಸಲಹೆ. ಅಮ್ಮ ಕಡಲೆಹಿಟ್ಟು, ಅರಿಶಿನ, ಮೇಲೆ ನಾಲ್ಕು ಹನಿ ನಿಂಬೆರಸ ಅಂತಾರೆ. ಪಾರ್ಲರಿನವರು ವಾರಕ್ಕೆ ಎರಡು ಸಲ ಸ್ಕ್ರಬ್ ಮಾಡಿ, ಮದುವೆಗೆ ಮುಂಚೆ ಒಂದು ಪೀಲ್ (ಆಸಿಡ್ ಹಚ್ಚಿ ಮೇಲ್ಪದರ ಸುಲಿಸೋದು) ಮಾಡಿಸಿ ಅಂತಾರೆ. ಆಫೀಸಿನ ಗೆಳತಿ ಇದೆಲ್ಲ ಹಳೇದು ಅಂತ ಹೇಳಿ 10% ಗ್ಲೈಕೋಲಿಕ್ ಆಸಿಡ್ ಸೀರಮ್ ಆರ್ಡರ್ ಮಾಡಿಸಿದ್ದಾಳೆ. ಬಾಟಲಿ ಬಂದು ಕೂತಿದೆ, ಇನ್ನೂ ಮುಚ್ಚಳ ತೆಗೆದಿಲ್ಲ. ಆಸಿಡ್ ಅನ್ನೋ ಪದ ನೋಡಿಯೇ ಕೈ ಹಿಂದೆ ಬರುತ್ತೆ. ವಾಲ್ನಟ್ ಸ್ಕ್ರಬ್ ಒಂದು ಟ್ಯೂಬ್ ಮನೆಯಲ್ಲಿ ಮೊದಲಿಂದಲೂ ಇದೆ.

ಯಾವುದು ಸರಿ? ಎಷ್ಟು ದಿನಕ್ಕೊಮ್ಮೆ? ಎರಡನ್ನೂ ಮಾಡಬಹುದಾ? ಜಾಸ್ತಿ ಆಯ್ತು ಅಂತ ಗೊತ್ತಾಗೋದು ಹೇಗೆ? ದಯವಿಟ್ಟು ಗೊತ್ತಿರುವವರು ಹೇಳಿ.

ಮಂಡಿಪೇಟೆ_ಅಕ್ಕ:

ನಿಮ್ಮಮ್ಮ ಹೇಳಿದ್ದರಲ್ಲಿ ಅರ್ಧ ಸರಿ ಇದೆ ನೋಡ್ರಿ. ಕಡಲೆಹಿಟ್ಟಿಗೆ ನನ್ನ ಓಟು. ಆದರೆ ಮಾಡುವ ರೀತಿ ಮುಖ್ಯ. ಬಜ್ಜಿ ಮಾಡೋ ಹಿಟ್ಟನ್ನೇ ಡಬ್ಬಿಯಿಂದ ತೆಗೆದು ಹಚ್ಚಬಾರದು, ಅದು ತರಿತರಿ ಇರುತ್ತೆ. ಹಳೇ ಪಂಚೆ ಬಟ್ಟೆಯಲ್ಲಿ ಸೋಸಿದರೆ ಕೆಳಗೆ ಬೀಳುವ ನಯವಾದ ಹಿಟ್ಟು ಮಾತ್ರ ಮುಖಕ್ಕೆ. ಮೊಸರು ಅಥವಾ ಹಾಲಿನಲ್ಲಿ ತೆಳ್ಳಗೆ ಕಲಸಿ. ಎಲ್ಲರೂ ಕೆಡಿಸೋದು ಇದರ ಮುಂದೆ. ಹಚ್ಚಿಕೊಂಡು ಫ್ಯಾನ್ ಕೆಳಗೆ ಕೂತು, ಮಾತಾಡಿದರೆ ಬಿರುಕು ಬಿಡೋವಷ್ಟು ಒಣಗಿಸಿ, ಆಮೇಲೆ ಒಣ ಕೈಯಲ್ಲಿ ಗರಗರ ಉಜ್ಜಿ ಉದುರಿಸ್ತಾರೆ. ಅದು ಚರ್ಮ ಕೀಳೋದು, ತೊಳೆಯೋದಲ್ಲ. ಹಸಿ ಇರುವಾಗಲೇ ನೀರು ಚಿಮುಕಿಸಿ, ಬೆರಳ ತುದಿಯಲ್ಲಿ ಸವರಿ ತೊಳೆದುಬಿಡಿ.

ನಿಂಬೆರಸ ಮಾತ್ರ ಬೇಡವೇ ಬೇಡ. ನಮ್ಮ ಪಕ್ಕದ ಮನೆ ಹುಡುಗಿ ನಿಂಬೆಹಣ್ಣು ಹಚ್ಚಿಕೊಂಡು ಮಾಳಿಗೆ ಮೇಲೆ ಬಟ್ಟೆ ಒಣಗಿಸೋಕೆ ಹೋಗಿ ಕೆನ್ನೆ ಮೇಲೆ ಕಂದು ಪಟ್ಟೆ ಬರಿಸಿಕೊಂಡಿದ್ದಳು. ಅದು ಹೋಗೋಕೆ ತಿಂಗಳುಗಟ್ಟಲೆ ಹಿಡೀತು.

ಆಸಿಡ್ ಗೀಸಿಡ್ ಎಲ್ಲ ಯಾಕೆ ಬೇಕು ಅಂತ ನನ್ನ ಪ್ರಶ್ನೆ. ನಮ್ಮಜ್ಜಿ ಕಾಲದಲ್ಲಿ ಯಾರು ಸೀರಮ್ ಹಚ್ತಿದ್ದರು?

ಔಷಧಿ_ಅಂಗಡಿ_ಒಳಗಿಂದ:

ಫಾರ್ಮಸಿ ಓದಿದವನು, ದಾವಣಗೆರೆಯಲ್ಲೇ ಕೌಂಟರ್ ಹಿಂದೆ ನಿಲ್ಲುವವನು. ಡಾಕ್ಟರ್ ಅಲ್ಲ. ಆದರೂ ಈ ಪ್ರಶ್ನೆ ವಾರಕ್ಕೆ ಹತ್ತು ಸಲ ಕೇಳಿಸಿಕೊಳ್ಳುತ್ತೇನೆ, ಸ್ವಲ್ಪ ಉದ್ದ ಬರೀತೀನಿ.

ಮೊದಲು ಒಂದು ವಿಷಯ. ಸಿಪ್ಪೆ ಏಳ್ತಿದೆ ಅಂದ ತಕ್ಷಣ ಉಜ್ಜಿ ತೆಗೆಯಬೇಕು ಅಂತ ಅಲ್ಲ. ಬಹಳ ಸಲ ಅದು ಉಲ್ಟಾ. ಮುಖದ ಮೇಲ್ಪದರ ಅಂದರೆ ಸತ್ತ ಕೋಶಗಳ ಪದರ, ಅದರ ದಪ್ಪ ಸುಮಾರು 10ರಿಂದ 20 ಮೈಕ್ರಾನ್. ನಿಮ್ಮ ತಲೆಯ ಒಂದು ಕೂದಲಿಗಿಂತ ತೆಳು. ನೀರು ಒಳಗೆ ಉಳಿಯೋದು, ಧೂಳು, ಕ್ರಿಮಿ ಹೊರಗೆ ಉಳಿಯೋದು ಅದರಿಂದಲೇ. ಕೆಳಗೆ ಹುಟ್ಟಿದ ಕೋಶ ಮೇಲೆ ಬಂದು ಉದುರೋಕೆ ಚಿಕ್ಕ ವಯಸ್ಸಲ್ಲಿ ಹೆಚ್ಚುಕಡಿಮೆ ನಾಲ್ಕು ವಾರ, ವಯಸ್ಸಾದಂತೆ ಇನ್ನೂ ನಿಧಾನ. ಉದುರಿಸೋ ಕೆಲಸ ಚರ್ಮ ತಾನೇ ಮಾಡಿಕೊಳ್ಳುತ್ತೆ. ಕೋಶ ಕೋಶಗಳ ನಡುವಿನ ಅಂಟನ್ನು ಕತ್ತರಿಸೋ ಎನ್‌ಜೈಮ್‌ಗಳು ಅಲ್ಲೇ ಇವೆ. ಆದರೆ ಅವು ಕೆಲಸ ಮಾಡಬೇಕಾದರೆ ಚರ್ಮದಲ್ಲಿ ನೀರಿನ ಅಂಶ ಬೇಕು. ನೀರು ಕಮ್ಮಿಯಾದರೆ ಕೋಶಗಳು ಒಂದೊಂದಾಗಿ ಕಾಣದ ಹಾಗೆ ಉದುರೋ ಬದಲು ಗುಂಪುಗುಂಪಾಗಿ ಅಂಟಿಕೊಂಡು ನಿಲ್ಲುತ್ತವೆ. ನಿಮಗೆ ಕಾಣುತ್ತಿರುವ ಬಿಳಿ ಸಿಪ್ಪೆ ಅದೇ.

ಈಗ ನಿಮ್ಮ ಊರು ನೋಡಿ. ದುರ್ಗದಲ್ಲಿ ಜೋಗಿಮಟ್ಟಿ ಕಡೆ ಗುಡ್ಡದ ಮೇಲೆ ಗಾಳಿ ವಿದ್ಯುತ್ ಫ್ಯಾನ್ ನಿಲ್ಲಿಸಿದ್ದಾರೆ ಅಂದರೆ ಸುಮ್ನೆ ಅಲ್ಲ, ಅಷ್ಟು ಒಣ ಗಾಳಿ ಬೀಸುತ್ತೆ. ಅದರ ಮೇಲೆ ಬೋರ್‌ವೆಲ್ ನೀರು. ಹೀಟರ್ ರಾಡಿನ ಮೇಲೆ ಬಿಳಿ ಗಾರೆ ಕಟ್ಟುತ್ತಲ್ಲ, ಅದೇ ಸುಣ್ಣದ ಅಂಶ ಸೋಪಿನ ಜೊತೆ ಸೇರಿ ಮುಖದ ಮೇಲೂ ಪದರ ಬಿಡುತ್ತೆ, ಎಷ್ಟು ತೊಳೆದರೂ ಪೂರ್ತಿ ಹೋಗಲ್ಲ. ಚರ್ಮದ ಪಿಎಚ್ (ಹುಳಿ, ಕ್ಷಾರದ ಅಳತೆ, ಕಮ್ಮಿ ಇದ್ದಷ್ಟೂ ಹುಳಿ ಜಾಸ್ತಿ) 5ರ ಆಸುಪಾಸು, ಮಾಮೂಲಿ ಸೋಪಿನದು 9ರಿಂದ 10. ಹೀಗಿರುವ ಮುಖವನ್ನು ವಾಲ್ನಟ್ ಚಿಪ್ಪಿನ ಪುಡಿಯಲ್ಲಿ ಉಜ್ಜಿದರೆ ಸಿಪ್ಪೆ ಒಂದು ದಿನ ಹೋಗುತ್ತೆ, ಮೂರನೇ ದಿನ ಇನ್ನೂ ಜಾಸ್ತಿ ಬರುತ್ತೆ. ಆಮೇಲೆ ಮತ್ತೆ ಉಜ್ಜು. ಎಲ್ಲರೂ ಸಿಕ್ಕಿಹಾಕಿಕೊಳ್ಳೋದು ಇದರಲ್ಲೇ.

ಅದಕ್ಕೆ ಮೊದಲ ಎರಡು ವಾರ ಏನೂ ಉಜ್ಜಬೇಡಿ, ಏನೂ ಆಸಿಡ್ ಬೇಡ. ಸೋಪು ಬಿಟ್ಟು ನೊರೆ ಕಮ್ಮಿ ಇರುವ ಮೃದು ಕ್ಲೆನ್ಸರ್, ಉಗುರುಬೆಚ್ಚಗಿನ ನೀರು. ಮುಖ ಒರೆಸಿ ಸ್ವಲ್ಪ ತೇವ ಇರುವಾಗಲೇ ಗ್ಲಿಸರಿನ್ ಅಥವಾ ಯೂರಿಯಾ ಇರುವ ಮಾಯಿಶ್ಚರೈಸರ್. ಯೂರಿಯಾ 5%ಕ್ಕಿಂತ ಜಾಸ್ತಿ ಬೇಡ. ರಾತ್ರಿ ಮೂಗಿನ ಪಕ್ಕ ಅಕ್ಕಿಕಾಳಿನಷ್ಟು ವ್ಯಾಸಲೀನ್ ಒತ್ತಿ. ಅರ್ಧ ಜನಕ್ಕೆ ಇಷ್ಟರಲ್ಲೇ ಸಿಪ್ಪೆ ಮುಗಿಯುತ್ತೆ, ದುಬಾರಿ ಬಾಟಲಿ ಬೇಕಾಗಲ್ಲ. ನಾನು ಅಂಗಡಿಯವನಾಗಿ ಇದನ್ನು ಹೇಳಬಾರದು, ಇರಲಿ.

ಎರಡು ವಾರ ಆದ ಮೇಲೂ ಬೇಕು ಅನ್ನಿಸಿದರೆ ಒಂದನ್ನು ಆರಿಸಿಕೊಳ್ಳಿ. ಸ್ಕ್ರಬ್ ಅಥವಾ ಆಸಿಡ್. ಎರಡೂ ಅಲ್ಲ. ಸ್ಕ್ರಬ್ ಆದರೆ ಅಕ್ಕ ಹೇಳಿದ ಸೋಸಿದ ಹಿಟ್ಟೇ ವಾಲ್ನಟ್‌ಗಿಂತ ವಾಸಿ. ವಾರಕ್ಕೊಮ್ಮೆ, ಒದ್ದೆ ಮುಖಕ್ಕೆ, ಬೆರಳಲ್ಲಿ ಮಾತ್ರ, ಅರ್ಧ ನಿಮಿಷ. ಒತ್ತಡ ಎಷ್ಟಿರಬೇಕು ಅಂದರೆ ಕಣ್ಣಿನ ರೆಪ್ಪೆ ಮೇಲೆ ಕ್ರೀಮ್ ಹಚ್ಚುವಷ್ಟು.

ಆಸಿಡ್ ಬಗ್ಗೆ ಅಕ್ಕನಿಗೆ ಒಂದು ಮಾತು. ನೀವು ಹಿಟ್ಟಿಗೆ ಮೊಸರು ಹಾಕ್ತೀರಲ್ಲ, ಮೊಸರಿನ ಹುಳಿಯೇ ಲ್ಯಾಕ್ಟಿಕ್ ಆಸಿಡ್. ಅಜ್ಜಿಯೂ ಆಸಿಡ್ ಹಚ್ಚಿದ್ದರು, ಎಷ್ಟು ಪರ್ಸೆಂಟ್ ಅಂತ ಬರೆದಿರಲಿಲ್ಲ ಅಷ್ಟೆ 🙂 ಗ್ಲೈಕೋಲಿಕ್ ಕಬ್ಬಿನಲ್ಲೂ ಇರುವಂಥದ್ದು. ಈ ಜಾತಿಯ ಆಸಿಡ್ಗಳಲ್ಲಿ ಅದರ ಅಣು ಎಲ್ಲಕ್ಕಿಂತ ಚಿಕ್ಕದು, ಬೇಗ ಒಳಗಿಳಿಯುತ್ತೆ, ಅದಕ್ಕೇ ಉರಿ ಜಾಸ್ತಿ. ಲ್ಯಾಕ್ಟಿಕ್ ಅದಕ್ಕಿಂತ ನಿಧಾನ, ಮ್ಯಾಂಡೆಲಿಕ್ ಇನ್ನೂ ನಿಧಾನ. ನಮ್ಮಂಥ ಗೋಧಿ, ಕಂದು ಬಣ್ಣದ ಚರ್ಮಕ್ಕೆ ನಿಧಾನದ್ದೇ ಒಳ್ಳೆಯದು. ಯಾಕಂದರೆ ಎಲ್ಲಿ ಉರಿಯೂತ ಆಯ್ತೋ ಅಲ್ಲಿ ಕಪ್ಪು ಕಲೆ ಉಳಿಯೋದು ನಮಗೆ ಜಾಸ್ತಿ. ಬಿಳಿ ಚರ್ಮದವರು ವಿಡಿಯೋದಲ್ಲಿ ಮಾಡಿದ್ದನ್ನು ಹಾಗೇ ಮಾಡೋಕೆ ಹೋದರೆ ಅವರಿಗೆ ಎರಡು ದಿನ ಕೆಂಪು, ನಮಗೆ ಎರಡು ತಿಂಗಳು ಕಲೆ. ಸ್ಯಾಲಿಸಿಲಿಕ್ ಬೇರೆ ಜಾತಿ. ಅದು ಎಣ್ಣೆಯಲ್ಲಿ ಕರಗುತ್ತೆ, ಹಾಗಾಗಿ ಜಿಡ್ಡು ತುಂಬಿದ ರಂಧ್ರದೊಳಗೆ ಹೋಗುತ್ತೆ. ನಿಮ್ಮ ಮೂಗು, ಹಣೆಗೆ ಅದು ಸರಿ, ಒಣಗಿದ ಗದ್ದಕ್ಕೆ ಅಲ್ಲ. 0.5ರಿಂದ 2%, ಅದಕ್ಕಿಂತ ಮೇಲೆ ಮನೆಯಲ್ಲಿ ಬೇಡ.

ಗ್ಲೈಕೋಲಿಕ್ ಥರದ ಆಸಿಡ್‌ಗಳಿಗೆ ಅಮೆರಿಕದ ಪರಿಣತರ ಸಮಿತಿ ಮನೆ ಬಳಕೆಗೆ ಹಾಕಿದ ಮಿತಿ 10%, ಪಿಎಚ್ 3.5ಕ್ಕಿಂತ ಕೆಳಗಿಲ್ಲ. ಅಂದರೆ ನಿಮ್ಮ ಬಾಟಲಿ ಸರಿಯಾಗಿ ಮೇಲಿನ ಅಂಚಿನಲ್ಲಿದೆ. ಹೊಸಬರಿಗೆ 5% ಸಾಕಿತ್ತು. ನಿಂಬೆರಸದ ಪಿಎಚ್ 2ರ ಹತ್ತಿರ, ಅದರ ಜೊತೆ ಬಿಸಿಲು ಬಿದ್ದರೆ ಸುಡುವ ರಾಸಾಯನಿಕವೂ ನಿಂಬೆ ಜಾತಿಯ ಹಣ್ಣುಗಳಲ್ಲಿದೆ. ಅಕ್ಕನ ಪಕ್ಕದ ಮನೆಯಲ್ಲಿ ಆಗಿದ್ದು ಅದೇ ಇರಬೇಕು.

ಆಸಿಡ್ ಹಚ್ಚುವ ಮುಂಚೆ ಕಿವಿಯ ಹಿಂದೆ ಒಂದು ಹನಿ ಹಾಕಿ ಎರಡು ದಿನ ಕಾಯಿರಿ. ರಾತ್ರಿ ಮಾತ್ರ, ವಾರಕ್ಕೊಮ್ಮೆ, ಮುಖ ಪೂರ್ತಿ ಒಣಗಿದ ಮೇಲೆ, ಕಣ್ಣು, ತುಟಿ, ಮೂಗಿನ ಮೂಲೆ ಬಿಟ್ಟು. ಒಂದು ತಿಂಗಳು ಏನೂ ತೊಂದರೆ ಇಲ್ಲ ಅಂದರೆ ವಾರಕ್ಕೆರಡು. ಅಲ್ಲಿಗೆ ನಿಲ್ಲಿಸಿ. ಹಗಲು ಎಸ್‌ಪಿಎಫ್ 30 ಸನ್‌ಸ್ಕ್ರೀನ್ ಕಡ್ಡಾಯ. ಆಸಿಡ್ ನಿಲ್ಲಿಸಿದ ಮೇಲೂ ಒಂದು ವಾರ ಚರ್ಮಕ್ಕೆ ಬಿಸಿಲು ಜಾಸ್ತಿ ತಾಗುತ್ತೆ. ಸನ್‌ಸ್ಕ್ರೀನ್ ಹಚ್ಚೋಕೆ ಬೇಜಾರು ಅನ್ನೋರು ಆಸಿಡ್ ಮುಟ್ಟಲೇಬಾರದು ಅನ್ನೋದು ನನ್ನ ಅಭಿಪ್ರಾಯ.

ಜಾಸ್ತಿ ಆಯ್ತು ಅಂತ ಗೊತ್ತಾಗೋದು ಬರೀ ನೀರಿನಿಂದ. ಬರೀ ನೀರು ಹಾಕಿದರೂ ಚುರುಚುರು ಅಂದರೆ, ದಿನಾ ಹಚ್ಚುವ ಮಾಯಿಶ್ಚರೈಸರ್ ಇದ್ದಕ್ಕಿದ್ದಂತೆ ಉರಿಸಿದರೆ ಆಯ್ತು, ನಿಲ್ಲಿಸಿ. ಇನ್ನೊಂದು, ಮುಖ ಬಿಗಿದು ಮಿನಮಿನ ಅನ್ನುತ್ತೆ, ಮುಟ್ಟಿದರೆ ಏನೋ ತೆಳು ಅನ್ನಿಸುತ್ತೆ. ಬಹಳ ಜನ ಅದನ್ನು ಗ್ಲೋ ಅಂದುಕೊಂಡು ಖುಷಿಯಲ್ಲಿ ಇನ್ನೂ ಜಾಸ್ತಿ ಮಾಡ್ತಾರೆ!

ಕೊನೇದಾಗಿ ಎರಡು ಪ್ರಶ್ನೆ ನಿಮಗೆ. ಸಿಪ್ಪೆ ಸ್ವಲ್ಪ ಹಳದಿ, ಜಿಡ್ಡು ಜಿಡ್ಡು ಇದೆಯಾ, ಹುಬ್ಬಿನಲ್ಲೂ ಬರುತ್ತಾ, ತಲೆಯಲ್ಲಿ ಹೊಟ್ಟು ಇದೆಯಾ? ಹೌದು ಅಂದರೆ ಅದು ತಲೆಹೊಟ್ಟಿನ ತಮ್ಮ, ಮುಖಕ್ಕೂ ಬರುತ್ತೆ. ಅದಕ್ಕೆ ಔಷಧಿ ಬೇರೆ, ಉಜ್ಜಿದರೆ ಹೋಗಲ್ಲ. ಎರಡನೇದು, ರಾತ್ರಿ ಬೇರೆ ಏನಾದರೂ ಕ್ರೀಮ್ ಹಚ್ತೀರಾ? ಹೆಸರು ಬೇಡ, ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಇರೋದನ್ನು ಓದಿ ಹಾಕಿ.

ಬೆಣ್ಣೆದೋಸೆ_ಭಕ್ತ:

ಇಷ್ಟುದ್ದ ಓದಿ ಮುಗಿಸೋದರಲ್ಲಿ ನನ್ನ ಚರ್ಮ ಒಂದು ಸಲ ಹೊಸದಾಯ್ತು. ತಮಾಷೆಗೆ ಅಂದೆ, ಚೆನ್ನಾಗಿದೆ ಸಾರ್.

ಗಂಡಸರದ್ದೂ ಕೇಳ್ರಪ್ಪ. ನಮ್ಮನೆ ಮಂಡಕ್ಕಿ ಭಟ್ಟಿಗಳ ಹತ್ತಿರ. ಹೊಗೆ, ಬೂದಿ, ಸಂಜೆಗೆ ಮುಖ ಒರೆಸಿದರೆ ಕರ್ಚೀಫು ಕಪ್ಪು. ದಿನಾ ಶೇವ್ ಮಾಡ್ತೀನಿ. ಕುತ್ತಿಗೆ ಹತ್ತಿರ ಕೂದಲು ಒಳಗೇ ಸುತ್ತಿಕೊಂಡು ಗುಳ್ಳೆ ಆಗುತ್ತೆ. ನಾನೂ ಸ್ಕ್ರಬ್ ಮಾಡಬೇಕಾ? ಹೊಗೆ ಕೊಳೆಗಾದರೂ ಬೇಕಲ್ವಾ?

ಔಷಧಿ_ಅಂಗಡಿ_ಒಳಗಿಂದ:

@ಬೆಣ್ಣೆದೋಸೆ_ಭಕ್ತ ಬ್ಲೇಡೇ ಸ್ಕ್ರಬ್ ಸಾರ್. ಶೇವ್ ಮಾಡುವಾಗ ಕೂದಲ ಜೊತೆ ಸತ್ತ ಚರ್ಮವೂ ಹೆರೆದು ಹೋಗುತ್ತೆ. ಅದೂ ದಿನಾ. ಆ ಜಾಗಕ್ಕೆ ಇನ್ನೇನೂ ಉಜ್ಜಬೇಡಿ. ಹೊಗೆ, ಬೂದಿ ಮೇಲೆ ಕೂತಿರುವ ಕೊಳೆ, ಅದು ಕ್ಲೆನ್ಸರ್‌ಗೇ ಹೋಗುತ್ತೆ. ಒಳಗೆ ಸುತ್ತಿದ ಕೂದಲಿಗೆ ಸ್ಯಾಲಿಸಿಲಿಕ್ ವಾರಕ್ಕೆ ಎರಡು ರಾತ್ರಿ, ಶೇವ್ ಮಾಡಿದ ದಿನ ಬಿಟ್ಟು. ದಿನಾ ಶೇವ್ ಅಂದರೆ ಅಂಥ ದಿನವೇ ಸಿಗಲ್ಲ, ಹಾಗಾಗಿ ಮೊದಲು ದಿನ ಬಿಟ್ಟು ದಿನ ಮಾಡಿ. ಕೂದಲು ಬೆಳೆದಿರುವ ದಿಕ್ಕಿಗೇ ಎಳೀರಿ, ಎದುರಿಗೆ ಬೇಡ.

ಬೆಣ್ಣೆದೋಸೆ_ಭಕ್ತ:

ದಿನ ಬಿಟ್ಟು ದಿನ ಅಂದರೆ ನಮ್ಮ ಮ್ಯಾನೇಜರಿಗೆ ನೀವೇ ಒಂದು ಚೀಟಿ ಬರೆದುಕೊಡಬೇಕು.

ದುರ್ಗದ_ಗಾಳಿ:

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ತಲೆಹೊಟ್ಟು ಇಲ್ಲ, ಹುಬ್ಬಿನಲ್ಲೂ ಏನಿಲ್ಲ, ಸಿಪ್ಪೆ ಬಿಳಿ, ಒಣ.

ಕ್ರೀಮ್ ಹಚ್ತೀನಿ. ಮೊಡವೆ ಕಲೆಗೆ ಅಂತ ಒಂದು ಮೆಡಿಕಲ್ ಶಾಪಿನಲ್ಲಿ ಕೊಟ್ಟಿದ್ದು, ದಸರಾ ಆದ ಮೇಲಿಂದ ದಿನಾ ರಾತ್ರಿ. ಮೊದಲ ವಾರದಲ್ಲೇ ಕಲೆ ತಿಳಿಯಾಗಿ ಮುಖ ಬೆಳ್ಳಗಾಗಿತ್ತು, ಆಫೀಸಿನಲ್ಲಿ ಎಲ್ಲರೂ ಏನು ಹಚ್ತೀಯ ಅಂತ ಕೇಳಿದರು. ಟ್ಯೂಬಿನ ಹಿಂದೆ ಹೀಗಿದೆ: ಹೈಡ್ರೋಕ್ವಿನೋನ್ 2%, ಟ್ರೆಟಿನಾಯಿನ್ 0.025%, ಮೊಮೆಟಾಸೋನ್ 0.1%. ಒಂದು ದಿನ ಹಚ್ಚದಿದ್ದರೆ ಕೆನ್ನೆ ಬಿಸಿ ಬಿಸಿ ಆಗುತ್ತೆ. ಅದು ದುರ್ಗದ ಬಿಸಿಲಿಗೆ ಅಂದುಕೊಂಡಿದ್ದೆ.

ಔಷಧಿ_ಅಂಗಡಿ_ಒಳಗಿಂದ:

ಹಾಗಾದರೆ ಮೇಲೆ ಬರೆದ ಎರಡು ವಾರದ ಲೆಕ್ಕ ನಿಮಗೆ ಸಾಲದು. ಗ್ಲೈಕೋಲಿಕ್ ಬಾಟಲಿ ಮುಚ್ಚಳ ತೆಗೆಯದೇ ಇದ್ದದ್ದು ಒಳ್ಳೆಯದೇ ಆಯ್ತು.

ನೀವು ಐದಾರು ತಿಂಗಳಿಂದ ದಿನಾ ರಾತ್ರಿ ಎಕ್ಸ್‌ಫೋಲಿಯೇಟ್, ಅಂದರೆ ಸತ್ತ ಪದರ ಉದುರಿಸೋ ಕೆಲಸ, ಮಾಡ್ತಾನೇ ಇದ್ದೀರಿ, ಆ ಹೆಸರು ಟ್ಯೂಬಿನ ಮೇಲೆ ಇಲ್ಲ ಅಷ್ಟೆ. ಟ್ರೆಟಿನಾಯಿನ್ ವಿಟಮಿನ್ ಎ ಜಾತಿ, ಹೊಸ ಕೋಶ ಹುಟ್ಟೋದನ್ನೇ ಜೋರು ಮಾಡುತ್ತೆ. ಮೂಗಿನ ಪಕ್ಕ, ತುಟಿ ಮೂಲೆ, ಗದ್ದ, ಈ ಮೂರು ಜಾಗದಲ್ಲೇ ಸಿಪ್ಪೆ ಅಂದಿರಲ್ಲ, ಟ್ರೆಟಿನಾಯಿನ್ ಮೊದಲು ಸಿಪ್ಪೆ ಎಬ್ಬಿಸೋದೂ ಅಲ್ಲೇ. ಇದರ ಮೇಲೆ 10% ಆಸಿಡ್ ಅಥವಾ ಪಾರ್ಲರ್ ಪೀಲ್ ಬಿದ್ದಿದ್ದರೆ ಮದುವೆಗೆ ಸುಟ್ಟ ಕಲೆ ಇಟ್ಟುಕೊಂಡು ಹೋಗಬೇಕಿತ್ತು. ಮುಖಕ್ಕೆ ವ್ಯಾಕ್ಸಿಂಗ್ ಕೂಡ ಬೇಡ, ಚರ್ಮವೇ ಕಿತ್ತು ಬರುತ್ತೆ. ಪಾರ್ಲರಿನವರಿಗೆ ಈ ಕ್ರೀಮ್ ವಿಷಯ ಹೇಳದೆ ಏನನ್ನೂ ಮಾಡಿಸಬೇಡಿ.

ಮೊಮೆಟಾಸೋನ್ ಇನ್ನೂ ದೊಡ್ಡ ವಿಷಯ. ಅದು ಸ್ಟೀರಾಯ್ಡ್. ಕೆಂಪು, ಉರಿ ಎಲ್ಲವನ್ನೂ ಅದುಮಿ ಇಡುತ್ತೆ, ಬೇಗ ಬೆಳ್ಳಗೂ ಮಾಡುತ್ತೆ, ಅದಕ್ಕೇ ಜನ ಬಿಡಲ್ಲ. ಕೆಲವು ವಾರಕ್ಕೆ ಡಾಕ್ಟರ್ ಲೆಕ್ಕ ಹಾಕಿ ಕೊಡುವ ಔಷಧಿ ಅದು. ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗುತ್ತೆ, ಸಣ್ಣ ಕೆಂಪು ರಕ್ತನಾಳ ಕಾಣುತ್ತೆ, ಕೆಲವರಿಗೆ ಮುಖದ ಮೇಲೆ ಕೂದಲು ಬರುತ್ತೆ, ಬಿಟ್ಟ ದಿನ ಉರಿಯುತ್ತೆ. ನೀವು ಹೇಳಿದ ಆ ಬಿಸಿ ಬಿಸಿ ದುರ್ಗದ ಬಿಸಿಲಲ್ಲ. ಹೀಗೆ ಆದವರು ನಮ್ಮ ದೇಶದಲ್ಲಿ ಎಷ್ಟಿದ್ದಾರೆ ಅಂದರೆ ಚರ್ಮದ ಡಾಕ್ಟರುಗಳು ಇದಕ್ಕೇ ಒಂದು ಹೆಸರು ಇಟ್ಟಿದ್ದಾರೆ, ಸ್ಟೀರಾಯ್ಡ್‌ನಿಂದ ಕೆಟ್ಟ ಮುಖ ಅಂತ. 2018ರಲ್ಲಿ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಕ್ರೀಮ್‌ಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ಮಾಡಿತು. ಆದರೂ ಕೌಂಟರ್ ಮೇಲೆ ಹೇಗೆ ದಾಟಿ ಹೋಗುತ್ತೆ ಅಂತ ದಿನಾ ನೋಡ್ತೀನಿ. ನಮ್ಮ ಕಸುಬಿನವರ ಮೇಲೆ ನನಗಿರುವ ಸಿಟ್ಟು ಇದು, ನಿಮ್ಮ ಮೇಲಲ್ಲ.

ಈಗ ಏನು ಮಾಡಬೇಕು? ಇದನ್ನು ಇಲ್ಲಿ ಕೂತು ನಾನು ಹೇಳುವ ಹಾಗಿಲ್ಲ. ತಟ್ಟನೆ ಬಿಟ್ಟರೆ ಕೆಂಪಾಗಿ, ಗುಳ್ಳೆ ಎದ್ದು ಉರಿಯೋದು ಸಾಮಾನ್ಯ, ಆಗ ಗಾಬರಿಯಾಗಿ ಮತ್ತೆ ಅದನ್ನೇ ಹಚ್ತಾರೆ. ಹಾಗಂತ ಮದುವೆವರೆಗೂ ಹಚ್ಚಿ ಆಮೇಲೆ ನೋಡೋಣ ಅನ್ನೋದೂ ತಪ್ಪು. ಈ ವಾರದಲ್ಲೇ ಚರ್ಮದ ಡಾಕ್ಟರಿಗೆ ತೋರಿಸಿ. ಹೇಗೆ ಇಳಿಸಬೇಕು, ನಡುವೆ ಏನು ಹಚ್ಚಬೇಕು ಅಂತ ಅವರೇ ಹೇಳಲಿ. ಗರ್ಭಿಣಿ ಆಗಿದ್ದರೆ ಅಥವಾ ಆ ಯೋಚನೆ ಇದ್ದರೆ ಅದನ್ನೂ ಮೊದಲೇ ಹೇಳಿ, ಟ್ರೆಟಿನಾಯಿನ್ ಆಗ ಬಳಸಲ್ಲ.

ಮಂಡಿಪೇಟೆ_ಅಕ್ಕ:

ಅಯ್ಯೋ ಪಾಪ. ಕಡಲೆಹಿಟ್ಟು ಕೂಡ ಈಗ ಬೇಡಮ್ಮಾ, ನಾನು ಹೇಳಿದ್ದು ಸದ್ಯಕ್ಕೆ ಮರೆತುಬಿಡು. ಮದುವೆ ದಿನ ಹತ್ತಿರ ಬಂದಾಗ ಹೊಸದು ಏನನ್ನೂ ಮುಖಕ್ಕೆ ಮುಟ್ಟಿಸಬಾರದು ಅಂತ ನಮ್ಮ ಕಡೆ ಮೊದಲಿಂದಲೂ ಹೇಳ್ತಾರೆ. ಅರಿಶಿನ ಹಚ್ಚುವ ಶಾಸ್ತ್ರದ ದಿನ ಹೆಂಗಸರು ಸುಮ್ನೆ ಬಿಡಲ್ಲ, ಕೆನ್ನೆ ತಿಕ್ಕಿ ತಿಕ್ಕಿ ಹಚ್ತಾರೆ. ಮದುಮಗನ ತಂಗಿ ಅಂತ ನಿನ್ನನ್ನೇ ಮೊದಲು ಹಿಡೀತಾರೆ. ಕೈಗೆ ಹಚ್ಚಿಸ್ಕೋ, ಮುಖಕ್ಕೆ ಬೇಡ ಅಂತ ನಿಮ್ಮಮ್ಮನ ಹತ್ತಿರ ಮೊದಲೇ ಹೇಳಿಸಿ ಇಡು.

ದುರ್ಗದ_ಗಾಳಿ:

ಓದಿ ಕೈಕಾಲು ತಣ್ಣಗಾಯ್ತು. ಆದರೂ ಹೇಳಿದ್ದು ಒಳ್ಳೆಯದಾಯ್ತು. ಶನಿವಾರ ಅರ್ಧ ದಿನ ರಜೆ ಕೇಳಿದ್ದೀನಿ. ದಾವಣಗೆರೆಯಲ್ಲಿ ತೋರಿಸಲಾ, ದುರ್ಗದಲ್ಲೇ ಆಗುತ್ತಾ? ಹೋಗುವ ದಿನ ಮುಖಕ್ಕೆ ಏನಾದರೂ ಹಚ್ಚಿಕೊಂಡು ಹೋಗಬೇಕಾ?

ಔಷಧಿ_ಅಂಗಡಿ_ಒಳಗಿಂದ:

ಎಲ್ಲಿ ಬೇಗ ಸಿಗುತ್ತೋ ಅಲ್ಲಿ. ಕೆಲಸಕ್ಕೆ ಇಲ್ಲಿಗೇ ಬರ್ತೀರಲ್ಲ, ಇಲ್ಲಿ ಮೆಡಿಕಲ್ ಕಾಲೇಜುಗಳಲ್ಲೂ ಚರ್ಮದ ವಿಭಾಗ ಇದೆ, ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ. ಆಯುರ್ವೇದ, ಬ್ಯೂಟಿ ಕ್ಲಿನಿಕ್ ಅಂತ ಬೋರ್ಡ್ ಇರುವ ಕಡೆ ಬೇಡ, ಎಂಡಿ ಅಥವಾ ಡಿವಿಡಿ (ಚರ್ಮರೋಗದ ಡಿಪ್ಲೊಮಾ) ಮಾಡಿರುವ ಚರ್ಮದ ಡಾಕ್ಟರೇ ಆಗಬೇಕು.

ಮೇಕಪ್, ಪೌಡರ್ ಹಾಕದೆ ಹೋಗಿ, ಚರ್ಮ ಇದ್ದ ಹಾಗೆ ಕಾಣಬೇಕು. ಬಿಸಿಲಿಗೆ ದುಪಟ್ಟಾ ಸಾಕು. ಆ ಟ್ಯೂಬನ್ನು ಸಿಟ್ಟಿನಲ್ಲಿ ಬಿಸಾಡಬೇಡಿ, ಜೊತೆಗೆ ತಗೊಂಡು ಹೋಗಿ. ಸೀರಮ್ ಬಾಟಲಿಯನ್ನೂ. ಎಷ್ಟು ಟ್ಯೂಬ್ ಖಾಲಿ ಮಾಡಿದ್ದೀರಿ ಅಂತ ಅವರು ಕೇಳೇ ಕೇಳ್ತಾರೆ, ಲೆಕ್ಕ ಹಾಕಿಟ್ಟುಕೊಳ್ಳಿ.